ಮಿದುಳಿನಿಂದ ಕಾಲಿನ ಹೆಬ್ಬೆರಳಿನವರೆಗೆ: ಕಾರ್ಟೆಕ್ಸ್ ಮತ್ತು ನರಗಳ ದಾರಿಯನ್ನು ನೀವೇ ಬಿಡಿಸಿ ಕಲಿಯುವುದು ಹೇಗೆ

ಫಿಸಿಯೋಥೆರಪಿ ಓದುವಾಗ ನನ್ನ ಎರಡನೇ ವರ್ಷದ ವೈವಾ ಹತ್ತು ನಿಮಿಷದಲ್ಲಿ ಮುಗಿದುಹೋಯಿತು. ಪರೀಕ್ಷಕರು ಕೇಳಿದ್ದು ಒಂದೇ ಪ್ರಶ್ನೆ. "ಒಬ್ಬನಿಗೆ ಬಲಗಾಲು ಎತ್ತೋಕೆ ಆಗ್ತಿಲ್ಲ. ಆದರೆ ಬಿಸಿನೀರು ಬಿದ್ದರೆ ಗೊತ್ತಾಗದೇ ಇರೋದು ಎಡಗಾಲಿಗೆ. ಏಟು ಎಲ್ಲಿ ಬಿದ್ದಿದೆ?" ನಾನು ಬಾಯಿಪಾಠ ಮಾಡಿದ್ದ ಹೆಸರುಗಳನ್ನೆಲ್ಲ ಒಂದೇ ಉಸಿರಿನಲ್ಲಿ ಒಪ್ಪಿಸಿದೆ. ಕಾರ್ಟಿಕೋಸ್ಪೈನಲ್, ಸ್ಪೈನೋಥಲಾಮಿಕ್, ಮೀಡಿಯಲ್ ಲೆಮ್ನಿಸ್ಕಸ್, ಇನ್ನೂ ಏನೇನೋ. ಅವರು ಪೆನ್ನು ಕೆಳಗಿಟ್ಟು, "ಹೆಸರು ಬೇಡಮ್ಮ, ದಾರಿ ಹೇಳು" ಅಂದರು. ದಾರಿ ನನಗೆ ಗೊತ್ತಿರಲಿಲ್ಲ.

ಆಮೇಲೆ ಗೊತ್ತಾಗಿದ್ದು ಇಷ್ಟೇ. ಯಾವ ನರಮಾರ್ಗಕ್ಕಾದರೂ ಮೂರೇ ಪ್ರಶ್ನೆ ಕೇಳಬೇಕು: ಎಲ್ಲಿ ಹೊರಡುತ್ತೆ, ಎಲ್ಲಿ ಆ ಕಡೆಯಿಂದ ಈ ಕಡೆಗೆ ದಾಟುತ್ತೆ, ಎಲ್ಲಿ ಮುಟ್ಟುತ್ತೆ. ಅದರಲ್ಲೂ ಮಧ್ಯದ ಪ್ರಶ್ನೆ. ದಾಟುವ ಜಾಗ ಗೊತ್ತಿದ್ದರೆ ಮುಕ್ಕಾಲು ನ್ಯೂರಾಲಜಿ ಕೈಗೆ ಸಿಕ್ಕ ಹಾಗೆ. ಅದನ್ನು ಒಂದು ಭಾನುವಾರ ಮಧ್ಯಾಹ್ನದಲ್ಲಿ ಕಲಿಯುವ ಕ್ರಮ ಇಲ್ಲಿದೆ. ನರ್ಸಿಂಗ್, ಫಿಸಿಯೋ, ಎಂಬಿಬಿಎಸ್ ಮೊದಲ ವರ್ಷದವರಿಗೆ ನೇರವಾಗಿ ಉಪಯೋಗ. ಮನೆಯಲ್ಲಿ ಯಾರಿಗೋ ಲಕ್ವ ಹೊಡೆದು, ಎಡಗೈ ಬಿದ್ದುಹೋಗಿದ್ದರೆ ಡಾಕ್ಟರ್ ಯಾಕೆ ಬಲಭಾಗದ ಮಿದುಳು ಅಂತಾರೆ ಎಂದು ತಲೆ ಕೆಡಿಸಿಕೊಂಡವರಿಗೂ ಉಪಯೋಗ.

ಬೇಕಾಗುವ ಸಾಮಾನು: ಬಿಳಿ ಹಾಳೆ ನಾಲ್ಕೈದು, ಕೆಂಪು-ನೀಲಿ-ಹಸಿರು ಸ್ಕೆಚ್ ಪೆನ್, ಒಂದು ಹಳೇ ಪೇಪರ್, ಒಂದು ಚೊಂಬು, ದಾರ, ಅಳತೆ ಪಟ್ಟಿ, ಹೇರ್‌ಪಿನ್. ಜೊತೆಗೆ ತಲೆ ಕೊಡಲು ಒಪ್ಪುವ ಒಬ್ಬ ಮನುಷ್ಯ.

ಹೆಜ್ಜೆ 1: ಪೇಪರನ್ನು ಚೊಂಬಿಗೆ ತುರುಕಿ

ದಿನಪತ್ರಿಕೆಯ ಒಂದು ಪುಟ ತೆಗೆದುಕೊಳ್ಳಿ. ಹರಡಿದ ಎರಡು ಪುಟ ಅಲ್ಲ, ಒಂದೇ ಪುಟ. ಅದರ ವಿಸ್ತೀರ್ಣ ಸುಮಾರು 2000 ಚದರ ಸೆಂಟಿಮೀಟರ್ ಹತ್ತಿರ ಬರುತ್ತೆ. ನಿಮ್ಮ ಮಿದುಳಿನ ಹೊರಪದರ, ಅಂದರೆ ಕಾರ್ಟೆಕ್ಸ್, ಎರಡೂ ಅರ್ಧ ಸೇರಿಸಿ ಬಿಡಿಸಿ ಹಾಸಿದರೆ ಹೆಚ್ಚು ಕಡಿಮೆ ಇಷ್ಟೇ ಅಗಲ. ಈಗ ಪುಟವನ್ನು ಮುದುರಿ ಚೊಂಬಿಗೆ ಹಾಕಿ. ಮೇಲಿಂದ ನೋಡಿದರೆ ಕಾಣುವುದು ಸ್ವಲ್ಪ, ಮಡಿಕೆಗಳಲ್ಲಿ ಅಡಗಿರುವುದೇ ಜಾಸ್ತಿ, ಅಲ್ವಾ? ಮಿದುಳಿನಲ್ಲೂ ಹಾಗೇ. ಕಾರ್ಟೆಕ್ಸಿನ ಮೂರನೇ ಎರಡು ಭಾಗದಷ್ಟು ಮಡಿಕೆಗಳ ಒಳಗೇ ಇರುತ್ತೆ. ಮೇಲೆ ಉಬ್ಬಿರುವ ಏರಿಗೆ ಗೈರಸ್, ಎರಡು ಏರುಗಳ ನಡುವಿನ ತಗ್ಗಿಗೆ ಸಲ್ಕಸ್. ಇವೆರಡು ಪದ ಸಾಕು.

ಈ ಪದರದ ದಪ್ಪ 2ರಿಂದ 4 ಮಿಲಿಮೀಟರ್, ಎರಡು ನಾಣ್ಯ ಒಂದರ ಮೇಲೊಂದು ಇಟ್ಟಷ್ಟು. ಅಷ್ಟರಲ್ಲೇ ಸುಮಾರು 1600 ಕೋಟಿ ನರಕೋಶಗಳಿವೆ. ಇಡೀ ಮಿದುಳಿನಲ್ಲಿ ಸುಮಾರು 8600 ಕೋಟಿ ಇವೆ. ಬಾಕಿಯಲ್ಲಿ ಬಹುಪಾಲು ಹಿಂದೆ ಕೆಳಗಿರುವ ಪುಟ್ಟ ಸೆರೆಬೆಲ್ಲಂನಲ್ಲಿದೆ ಅಂತ ಮೊದಲ ಸಲ ಓದಿದಾಗ ಅಚ್ಚುತಪ್ಪು ಅಂದುಕೊಂಡಿದ್ದೆ. ತಪ್ಪಲ್ಲ, ನಿಜ.

ಸಾಧ್ಯವಾದರೆ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿರುವ ಮಿದುಳಿನ ಮ್ಯೂಸಿಯಂಗೆ ಒಮ್ಮೆ ಹೋಗಿ, ಸಮಯ ಮೊದಲೇ ವಿಚಾರಿಸಿಕೊಳ್ಳಿ. ಸುಮಾರು 1.3-1.4 ಕೆಜಿ ತೂಗುವ ಈ ವಸ್ತುವನ್ನು ಕಣ್ಣೆದುರು ನೋಡಿದರೆ ಪುಸ್ತಕದ ಬಣ್ಣಬಣ್ಣದ ಚಿತ್ರಗಳು ಎಷ್ಟು ಸುಳ್ಳು ಹೇಳುತ್ತವೆ ಅಂತ ಗೊತ್ತಾಗುತ್ತೆ. ನಿಜವಾದ ಮಿದುಳಿನಲ್ಲಿ ಬಣ್ಣವೂ ಇಲ್ಲ, ಗೆರೆಯೂ ಇಲ್ಲ, ಹೆಸರಿನ ಚೀಟಿಯೂ ಇಲ್ಲ.

ಹೆಜ್ಜೆ 2: ಮುಷ್ಟಿ ಕಟ್ಟಿ, ಮಿದುಳು ನೋಡಿ

ಬಲಗೈ ಮುಷ್ಟಿ ಕಟ್ಟಿ. ಅಂಗೈ ಕೆಳಗೆ ಬರುವಂತೆ ಎದೆಯ ಮುಂದೆ ಅಡ್ಡ ಹಿಡಿಯಿರಿ. ಹೆಬ್ಬೆರಳು ಒಳಗೆ ಹೋಗದೆ ತೋರುಬೆರಳ ಪಕ್ಕಕ್ಕೆ ಅಂಟಿಕೊಂಡಿರಲಿ, ನಿಮ್ಮ ಕಣ್ಣಿಗೆ ಕಾಣಬೇಕು. ಇದೇ ಎಡ ಮಿದುಳಿನ ಪಕ್ಕದ ನೋಟ. ಗೆಣ್ಣುಗಳಿರುವ ಮುಂಭಾಗ ಫ್ರಂಟಲ್ ಲೋಬ್. ಹೆಬ್ಬೆರಳು ಟೆಂಪೊರಲ್ ಲೋಬ್. ಮುಂಗೈ ಹತ್ತಿರದ ಹಿಂಭಾಗ ಆಕ್ಸಿಪಿಟಲ್, ಅಂದರೆ ನೋಟದ ಜಾಗ. ಮೇಲೆ, ಹಿಂಗೈಯ ಹಿಂದಿನ ಅರ್ಧ, ಪರೈಟಲ್. ಹೆಬ್ಬೆರಳಿಗೂ ಉಳಿದ ಬೆರಳುಗಳಿಗೂ ನಡುವಿನ ಸಂದಿಯೇ ಲ್ಯಾಟರಲ್ ಸಲ್ಕಸ್. ಹೆಬ್ಬೆರಳನ್ನು ಸ್ವಲ್ಪ ಎತ್ತಿ ಒಳಗೆ ಇಣುಕಿ. ಅಲ್ಲಿ ಅಡಗಿರುವ ಭಾಗಕ್ಕೆ ಇನ್ಸುಲಾ ಅಂತ ಹೆಸರು. ಮಿದುಳಿನಲ್ಲೂ ಹೀಗೇ ಎತ್ತಿ ನೋಡಿದರೆ ಮಾತ್ರ ಸಿಗುತ್ತೆ.

ಈಗ ಹಾಳೆಯ ಮೇಲೆ ಇದನ್ನೇ ಬಿಡಿಸಿ. ಚೆನ್ನಾಗಿ ಬರಬೇಕಿಲ್ಲ. ನನ್ನದು ಇವತ್ತಿಗೂ ಗೇರುಬೀಜದ ಹಾಗೇ ಕಾಣುತ್ತೆ.

ಆಮೇಲೆ ಮೇಲಿಂದ ಕೆಳಕ್ಕೆ, ನಡುಮಧ್ಯದ ಹತ್ತಿರ, ಮುಂದಕ್ಕೆ ಸ್ವಲ್ಪ ವಾಲಿದಂತೆ ಒಂದು ಗೆರೆ ಎಳೆಯಿರಿ. ಇದು ಸೆಂಟ್ರಲ್ ಸಲ್ಕಸ್, ನಮ್ಮ ಇಡೀ ಕಥೆಯ ಬದು. ಬದುವಿನ ಮುಂದಿನ ಪಟ್ಟಿ ಕೈಕಾಲು ಆಡಿಸುವ ಮೋಟಾರ್ ಕಾರ್ಟೆಕ್ಸ್, ಹಿಂದಿನ ಪಟ್ಟಿ ಮುಟ್ಟಿದ್ದನ್ನು ತಿಳಿಯುವ ಸೆನ್ಸರಿ ಕಾರ್ಟೆಕ್ಸ್. ಮುಂದೆ ಮಾಡುವುದು, ಹಿಂದೆ ತಿಳಿಯುವುದು.

ಈಗ ಜೊತೆಗಾರರ ತಲೆ ಬೇಕು. ದಾರದ ಒಂದು ತುದಿಯನ್ನು ಹಣೆ ಮತ್ತು ಮೂಗು ಸೇರುವ ತಗ್ಗಿನಲ್ಲಿ ಇಡಿ. ನೆತ್ತಿಯ ಮೇಲೆ ಹಾಯಿಸಿ, ತಲೆಯ ಹಿಂದೆ ಕೈಗೆ ಸಿಗುವ ಮೂಳೆಯ ಉಬ್ಬಿನವರೆಗೆ ತನ್ನಿ. ದಾರವನ್ನು ಸರಿಯಾಗಿ ಅರ್ಧಕ್ಕೆ ಮಡಚಿ, ತಲೆಯ ಮೇಲೆ ಆ ಮಧ್ಯ ಎಲ್ಲಿ ಬರುತ್ತೆ ನೋಡಿ. ಅಲ್ಲಿಂದ ಸುಮಾರು 2 ಸೆಂ.ಮೀ. ಹಿಂದೆ ಸೆಂಟ್ರಲ್ ಸಲ್ಕಸ್‌ನ ಮೇಲಿನ ತುದಿ. ಕೆಳಗಿನ ತುದಿ ಬೇಕಾದರೆ ಬಾಯಿ ತೆರೆದು ಮುಚ್ಚಲು ಹೇಳಿ. ಕಿವಿಯ ಮುಂದೆ ದವಡೆಯ ಕೀಲು ಆಡುವುದು ಬೆರಳಿಗೆ ಸಿಗುತ್ತೆ. ಅಲ್ಲಿಂದ ನೇರ ಮೇಲೆ ಸುಮಾರು 5 ಸೆಂ.ಮೀ. ಎರಡು ಚುಕ್ಕೆ ಸೇರಿಸಿದರೆ ಬದು ಸಿಕ್ಕಿತು. ಸ್ಕ್ಯಾನ್ ಇಲ್ಲದ ಕಾಲದಲ್ಲಿ ಸರ್ಜನ್‌ಗಳು ಇಂಥ ಅಳತೆ ಹಿಡಿದೇ ತಲೆಬುರುಡೆ ತೆರೆಯುತ್ತಿದ್ದರು. ನಾನು ಮೊದಲ ಸಲ ಇದನ್ನು ಮಾಡಿದ್ದು ಹಾಸ್ಟೆಲ್ ರೂಮ್‌ಮೇಟ್ ತಲೆಯ ಮೇಲೆ, ಅದೂ ಅವಳು ಎಣ್ಣೆ ಹಚ್ಚಿಕೊಂಡ ದಿನ. ದಾರ ಜಾರಿ ಜಾರಿ ಮೂರು ಸಲ ಅಳತೆ ತಪ್ಪಿತು. ಎಣ್ಣೆ ಇಲ್ಲದ ತಲೆ ಹುಡುಕಿಕೊಳ್ಳಿ.

ಹೆಜ್ಜೆ 3: ನಂಬರುಗಳಿಗೆ ಹೆದರಬೇಡಿ

ಬ್ರಾಡ್‌ಮನ್ ಅನ್ನುವ ಜರ್ಮನ್ ವೈದ್ಯರು 1909ರಲ್ಲಿ ಕಾರ್ಟೆಕ್ಸನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ, ಕೋಶಗಳ ಜೋಡಣೆ ಎಲ್ಲಿ ಬದಲಾಗುತ್ತೋ ಅಲ್ಲೆಲ್ಲ ಗಡಿ ಹಾಕಿ ನಂಬರು ಕೊಟ್ಟರು. ಎಲ್ಲ ನೆನಪಿಡಬೇಡಿ. 4 ಅಂದರೆ ಮೋಟಾರ್ ಪಟ್ಟಿ. ಅದರ ಮುಂದೆ 6, ಚಲನೆಯ ಯೋಜನೆ ಹಾಕುವ ಜಾಗ. 3, 1, 2 ಅಂದರೆ ಸೆನ್ಸರಿ ಪಟ್ಟಿ. 17 ನೋಟ. 44 ಮತ್ತು 45 ಬ್ರೋಕಾ ಜಾಗ, ಬಹುತೇಕರಲ್ಲಿ ಎಡಗಡೆ, ಮಾತು ಹೊರಡುವುದಕ್ಕೆ ಬೇಕಾದದ್ದು. ಇಷ್ಟು ಸಾಕು, ಉಳಿದದ್ದು ಬೇಕಾದಾಗ ನೋಡಿಕೊಳ್ಳಬಹುದು.

ಒಂದು ವಿಷಯ ಮಾತ್ರ ಬಿಡಬೇಡಿ. ಕಾರ್ಟೆಕ್ಸಿನಲ್ಲಿ ಆರು ಪದರಗಳಿವೆ. 4ನೇ ಪದರ ಬಾಗಿಲು, ಮಿದುಳಿನ ಒಳಗೆ ಸುದ್ದಿ ಹಂಚುವ ನಿಲ್ದಾಣವಾದ ಥಲಾಮಸ್‌ನಿಂದ ಬರುವ ಸುದ್ದಿ ಅಲ್ಲಿಗೆ ಬರುತ್ತೆ. 5ನೇ ಪದರ ಹೊರಗೆ ಕಳಿಸುವ ಜಾಗ, ಕೆಳಗೆ ಹೋಗುವ ಆದೇಶ ಅಲ್ಲಿಂದ ಹೊರಡುತ್ತೆ. ಹಾಗಾಗಿ ಸೆನ್ಸರಿ ಪಟ್ಟಿಯಲ್ಲಿ 4ನೇದು ದಪ್ಪ, ಮೋಟಾರ್ ಪಟ್ಟಿಯಲ್ಲಿ 5ನೇದು ದಪ್ಪ. ಮೋಟಾರ್ ಪಟ್ಟಿಯ ಆ 5ನೇ ಪದರದಲ್ಲೇ ಬೆಟ್ಜ್ ಕೋಶಗಳೆಂಬ ದೈತ್ಯ ನರಕೋಶಗಳಿವೆ. ಕೀವ್ ನಗರದ ವ್ಲಾಡಿಮಿರ್ ಬೆಟ್ಜ್ 1874ರಲ್ಲಿ ಅವನ್ನು ವಿವರಿಸಿದರು.

ಹೆಜ್ಜೆ 4: ಹೇರ್‌ಪಿನ್ ಪರೀಕ್ಷೆ

ಹೇರ್‌ಪಿನ್ನಿನ ಎರಡು ತುದಿ ಸಮ ಇರುವಂತೆ ಬಗ್ಗಿಸಿ, ನಡುವಿನ ಅಂತರ 5 ಮಿ.ಮೀ. ಇಡಿ. ಜೊತೆಗಾರರು ಕಣ್ಣು ಮುಚ್ಚಲಿ. ತೋರುಬೆರಳ ತುದಿಗೆ ಮೆಲ್ಲಗೆ ಒತ್ತಿ, ಒಂದಾ ಎರಡಾ ಅಂತ ಕೇಳಿ. ಆಗಾಗ ಬೇಕಂತಲೇ ಒಂದೇ ತುದಿ ಮುಟ್ಟಿಸಿ, ಇಲ್ಲದಿದ್ದರೆ ಸುಮ್ನೆ ಊಹಿಸಿ ಹೇಳ್ತಾರೆ. ಬೆರಳ ತುದಿಯಲ್ಲಿ 2-3 ಮಿ.ಮೀ. ಅಂತರ ಇದ್ದರೂ ಎರಡು ಅಂತ ಗೊತ್ತಾಗುತ್ತೆ. ಈಗ ಅದೇ ಪಿನ್ನನ್ನು ಬೆನ್ನಿಗೆ ಇಡಿ. 5 ಬಿಡಿ, 20 ಮಿ.ಮೀ. ಇಟ್ಟರೂ "ಒಂದೇ" ಅಂತಾರೆ. ಅಲ್ಲಿ 40 ಮಿ.ಮೀ. ಆಸುಪಾಸಿಗೆ ಹೋದ ಮೇಲೆ ಎರಡಾಗುತ್ತೆ. ನಮ್ಮ ಮನೆಯಲ್ಲಿ ಅಪ್ಪ ಇದನ್ನು ನಂಬದೆ, ನಾನು ಮೋಸ ಮಾಡ್ತಿದ್ದೀನಿ ಅಂತ ಅಳತೆ ಪಟ್ಟಿ ತಾವೇ ಇಸಿದುಕೊಂಡು ಅಮ್ಮನ ಬೆನ್ನ ಮೇಲೆ ಪರೀಕ್ಷೆ ಮಾಡಿದರು.

ಬೆರಳ ತುದಿಯಲ್ಲಿ ಸಂವೇದನೆಯ ತುದಿಗಳು ಒತ್ತೊತ್ತಾಗಿವೆ, ಅವುಗಳಿಗೆ ಕಾರ್ಟೆಕ್ಸಿನಲ್ಲಿ ಸಿಕ್ಕಿರುವ ಜಾಗವೂ ದೊಡ್ಡದು. ಬೆನ್ನಿಗೆ ಎರಡೂ ಕಮ್ಮಿ. ಈ ಹಂಚಿಕೆಯನ್ನು ನಕ್ಷೆ ಮಾಡಿದವರು ಮಾಂಟ್ರಿಯಲ್‌ನ ಸರ್ಜನ್ ವೈಲ್ಡರ್ ಪೆನ್‌ಫೀಲ್ಡ್. ಎಚ್ಚರವಿರುವ ರೋಗಿಯ ಮಿದುಳಿಗೆ ಸಣ್ಣ ಕರೆಂಟು ಮುಟ್ಟಿಸಿ, ಏನಾಯ್ತು ಅಂತ ಕೇಳಿ ಕೇಳಿ ಗುರುತು ಹಾಕಿಕೊಂಡರು. ಮಿದುಳಿಗೇ ನೋವಿನ ನರ ಇಲ್ಲ, ಅದಕ್ಕೇ ಇದು ಸಾಧ್ಯವಾಯಿತು. 1937ರಲ್ಲಿ ಅವರು ಸಹೋದ್ಯೋಗಿ ಬೋಲ್ಡ್ರಿ ಜೊತೆ ಪ್ರಕಟಿಸಿದ ಕೆಲಸದಿಂದಲೇ ದೊಡ್ಡ ಕೈ, ದೊಡ್ಡ ತುಟಿಯ ಆ ವಿಚಿತ್ರ ಕುಳ್ಳ ಹೋಮಂಕ್ಯುಲಸ್ ಹುಟ್ಟಿದ್ದು.

ಹಾಳೆಯಲ್ಲಿ ಅವನನ್ನು ಹೀಗೆ ಮಲಗಿಸಿ. ಎರಡು ಅರ್ಧ ಮಿದುಳುಗಳ ನಡುವಿನ ಸೀಳಿನೊಳಕ್ಕೆ ಕಾಲು ಇಳಿಬಿಟ್ಟಿದ್ದಾನೆ. ಮಂಡಿ ಅಂಚಿನ ಹತ್ತಿರ, ಸೊಂಟ-ಮುಂಡ ನೆತ್ತಿಯಲ್ಲಿ, ಆಮೇಲೆ ತೋಳು, ಪಕ್ಕಕ್ಕೆ ಬಂದಂತೆ ದೊಡ್ಡ ಕೈ, ಇನ್ನೂ ಕೆಳಗೆ ಮುಖ, ಕೊನೆಗೆ ನಾಲಿಗೆ. ಕಾಲು ಒಳಗೆ, ಮುಖ ಹೊರಗೆ. ಇದನ್ನು ದೊಡ್ಡದಾಗಿ ಬರೆದಿಟ್ಟುಕೊಳ್ಳಿ, ಹೆಜ್ಜೆ 9ರಲ್ಲಿ ಬೇಕಾಗುತ್ತೆ. ಎಂಆರ್‌ಐನಲ್ಲಿ ಅಡ್ಡ ಸೀಳಿದ ಚಿತ್ರ ಸಿಕ್ಕರೆ, ಮೋಟಾರ್ ಪಟ್ಟಿಯಲ್ಲಿ ಕುದುರೆ ಲಾಳದಂಥ ಒಂದು ಉಬ್ಬು ಹುಡುಕಿ. ಅದು ಕೈಯ ಜಾಗ. ನೆನಪಿರಲಿ, ಆ ಫಿಲಂನಲ್ಲಿ ರೋಗಿಯ ಬಲ ನಿಮ್ಮ ಎಡಕ್ಕಿರುತ್ತೆ.

ಆದರೆ ಈ ಕುಳ್ಳನನ್ನು ಪೂರ್ತಿ ನಂಬಲೂಬೇಡಿ. 2023ರಲ್ಲಿ ಅಮೆರಿಕದ ಸೇಂಟ್ ಲೂಯಿಸ್‌ನ ವಾಷಿಂಗ್ಟನ್ ಯೂನಿವರ್ಸಿಟಿಯವರು ಮೋಟಾರ್ ಪಟ್ಟಿಯಲ್ಲಿ ಕಾಲು, ಕೈ, ಬಾಯಿಯ ಜಾಗಗಳ ನಡುನಡುವೆ ಬೇರೆ ಥರದ ತುಂಡುಗಳಿವೆ ಅಂತ ತೋರಿಸಿದರು. ಅವು ಒಂದು ಅಂಗಕ್ಕೆ ಸೇರಿದ್ದಲ್ಲ, ಇಡೀ ದೇಹದ ಚಲನೆಯನ್ನು ಯೋಜನೆಗೆ ಹೊಂದಿಸುವ ಜಾಲದವು. ಪರೀಕ್ಷೆಗೆ ಹಳೇ ಕುಳ್ಳನೇ ಸಾಕು.

ಹೆಜ್ಜೆ 5: ಏಣಿ ಹಾಕಿ, ಕೆಂಪು ದಾರಿ ಇಳಿಸಿ

ಹೊಸ ಹಾಳೆ. ನಡುವೆ ಉದ್ದಕ್ಕೆ ಚುಕ್ಕೆ ಗೆರೆ, ಅದೇ ದೇಹದ ಮಧ್ಯ. ಅಡ್ಡಕ್ಕೆ ಐದು ಮೆಟ್ಟಿಲು. ಮೇಲಿಂದ: ಕಾರ್ಟೆಕ್ಸ್, ಇಂಟರ್ನಲ್ ಕ್ಯಾಪ್ಸೂಲ್ ಮತ್ತು ಥಲಾಮಸ್, ಮೆಡುಲ್ಲಾ, ಅಂದರೆ ಮಿದುಳು ಮುಗಿದು ಬೆನ್ನುಹುರಿ ಶುರುವಾಗುವ ಮುಂಚಿನ ತುಂಡು, ಕುತ್ತಿಗೆ ಮಟ್ಟದ ಬೆನ್ನುಹುರಿ, ಸೊಂಟಕ್ಕೆ ಸೇರಿದ ಬೆನ್ನುಹುರಿ. ಕೊನೆಯದು ಹೆಸರಿಗೆ ಸೊಂಟದ್ದು, ಆದರೆ ಬೆನ್ನುಹುರಿ ಸೊಂಟದ ಮೊದಲ-ಎರಡನೇ ಮೂಳೆಯ ಹತ್ತಿರವೇ ಮುಗಿಯುತ್ತೆ. ಅಲ್ಲಿಂದ ಕೆಳಕ್ಕೆ ಬರೀ ನರಗಳ ಕಟ್ಟು, ಕುದುರೆ ಬಾಲದ ಹಾಗೆ. ಬೆನ್ನಿನ ನೀರು ತೆಗೆಯುವ ಸೂಜಿಯನ್ನು ಅದರ ಕೆಳಗೆ ಚುಚ್ಚುವುದು ಇದಕ್ಕೇ.

ಕೆಂಪು ಪೆನ್ ತೆಗೆಯಿರಿ. ಎಡ ಮಿದುಳಿನ ಮೋಟಾರ್ ಪಟ್ಟಿಯಿಂದ ಹೊರಡಿ. ಬೀಸಣಿಗೆ ನೆನಪಿಸಿಕೊಳ್ಳಿ. ಮೇಲೆ ಅಗಲವಾಗಿ ಹರಡಿದ ಎಳೆಗಳು ಕೆಳಗೆ ಬರುತ್ತಾ ಹಿಡಿಯಲ್ಲಿ ಒಟ್ಟುಗೂಡುತ್ತವೆ. ಆ ಹಿಡಿಯೇ ಇಂಟರ್ನಲ್ ಕ್ಯಾಪ್ಸೂಲ್, ಅದರ ಹಿಂದಿನ ತೋಳು. ಮೇಲೆ ಬೀಸಣಿಗೆಯಲ್ಲಿ ಒಂದು ಪುಟ್ಟ ತೂತು ಬಿದ್ದರೆ ಕೈ ಮಾತ್ರ ಹೋಗಬಹುದು, ಅಥವಾ ಮುಖ ಮಾತ್ರ. ಹಿಡಿಯಲ್ಲಿ ಅಷ್ಟೇ ತೂತು ಬಿದ್ದರೆ ಅರ್ಧ ದೇಹವೇ ಹೋಗುತ್ತೆ. ಬಿಪಿ ಜಾಸ್ತಿ ಇರುವವರಲ್ಲಿ ಹಾಳಾಗುವ ಸಣ್ಣ ರಕ್ತನಾಳಗಳು ಹೆಚ್ಚಾಗಿ ಈ ಹಿಡಿಯ ಸುತ್ತಮುತ್ತಲೇ ಇವೆ.

ಕ್ಯಾಪ್ಸೂಲ್‌ನಿಂದ ಎಡಗಡೆಯಲ್ಲೇ ಇಳಿಯುತ್ತಾ ಮೆಡುಲ್ಲಾಗೆ ಬನ್ನಿ. ಇಲ್ಲಿ ಮುಂಭಾಗದಲ್ಲಿ ಎರಡು ದಿಂಡಿನಂಥ ಉಬ್ಬುಗಳು ಕಣ್ಣಿಗೇ ಕಾಣುತ್ತವೆ, ಅವೇ ಪಿರಮಿಡ್. ಒಂದೊಂದರಲ್ಲೂ ಸುಮಾರು ಹತ್ತು ಲಕ್ಷ ಎಳೆ. ಪಿರಮಿಡ್‌ನ ಕೆಳತುದಿಯಲ್ಲಿ ನೂರಕ್ಕೆ 85ರಿಂದ 90 ಎಳೆಗಳು ಮಧ್ಯದ ಗೆರೆ ದಾಟಿ ಬಲಕ್ಕೆ ಹೋಗುತ್ತವೆ. ಪೆನ್ನಿನಲ್ಲಿ ಇಲ್ಲೇ ದಾಟಿಸಿ, ದಪ್ಪಗೆ ಸುತ್ತು ಹಾಕಿ. ದಾಟಿದ ಮೇಲೆ ಬೆನ್ನುಹುರಿಯ ಬಲ ಪಕ್ಕದಲ್ಲಿ ಇಳಿದು, ಬೇಕಾದ ಮಟ್ಟದಲ್ಲಿ ಮುಂಗೊಂಬು ಅನ್ನಬಹುದಾದ ಮುಂಭಾಗದ ಬೂದು ಜಾಗದಲ್ಲಿ ನಿಲ್ಲಿಸಿ. ಮೊದಲನೇ ನರಕೋಶದ ಕೆಲಸ ಮುಗಿಯಿತು. ಎರಡನೆಯದು ಅಲ್ಲಿಂದ ಹೊರಟು ನರದೊಳಗೆ ಸಾಗಿ ಸ್ನಾಯುವನ್ನು ಮುಟ್ಟುತ್ತೆ, ಅಸಿಟೈಲ್‌ಕೋಲಿನ್ ಎಂಬ ರಾಸಾಯನಿಕ ಉಗುಳುತ್ತೆ, ಸ್ನಾಯು ಎಳೆದುಕೊಳ್ಳುತ್ತೆ. ಒಟ್ಟು ಎರಡೇ ನರಕೋಶ. ಬಹಳ ಕಡೆ ನಡುವೆ ಒಂದು ಪುಟ್ಟ ಮಧ್ಯವರ್ತಿ ಇರುತ್ತೆ, ಈಗ ಬಿಟ್ಟುಬಿಡಿ.

ಈ ಎರಡು ನರಕೋಶಗಳ ವ್ಯತ್ಯಾಸವೇ ಡಾಕ್ಟರುಗಳ ಸುತ್ತಿಗೆಯ ಅರ್ಥ. ಕೆಳಗಿನದು ಕತ್ತರಿಸಿದರೆ ಸ್ನಾಯು ಜೋತುಬೀಳುತ್ತೆ, ಸಣಕಲಾಗುತ್ತೆ, ಮಂಡಿಗೆ ತಟ್ಟಿದರೆ ಕಾಲು ಏಳಲ್ಲ. ಮೇಲಿನದು ಕತ್ತರಿಸಿದರೆ ಮೊದಮೊದಲು ಮೆತ್ತಗಿದ್ದರೂ ದಿನ ಕಳೆದಂತೆ ಕೈಕಾಲು ಬಿಗಿಯಾಗುತ್ತೆ, ಮಂಡಿಗೆ ತಟ್ಟಿದರೆ ಕಾಲು ಒದೆಯುತ್ತೆ. ಯಾಕೆ? ಮಂಡಿಯ ರಿಫ್ಲೆಕ್ಸ್ ಬೆನ್ನುಹುರಿಯಲ್ಲೇ ಮುಗಿಯುವ ವ್ಯವಹಾರ, ಅದನ್ನು ಹದ್ದುಬಸ್ತಿನಲ್ಲಿ ಇಡುವುದು ಮೇಲಿನವರು. ಯಜಮಾನ ಊರಲ್ಲಿಲ್ಲದಾಗ ಆಳಿನದೇ ಆರ್ಭಟ.

ಬಾಬಿನ್‌ಸ್ಕಿ ಪರೀಕ್ಷೆ ಕೂಡ ಇದೇ. ಅಂಗಾಲಿನ ಹೊರ ಅಂಚಿನಲ್ಲಿ ಹಿಮ್ಮಡಿಯಿಂದ ಮುಂದಕ್ಕೆ ಬೀಗದ ಕೈಯಿಂದ ಗೀರಿದರೆ ದೊಡ್ಡವರ ಹೆಬ್ಬೆರಳು ಕೆಳಗೆ ಮಡಚುತ್ತೆ. ಮೇಲಿನ ದಾರಿ ಕೆಟ್ಟಿದ್ದರೆ ಮೇಲಕ್ಕೆ ಏಳುತ್ತೆ. ಮನೆಯಲ್ಲಿ ಐದಾರು ತಿಂಗಳ ಕೂಸು ಇದ್ದರೆ ಬೆರಳಿಂದ ಮೆಲ್ಲಗೆ ಗೀರಿ ನೋಡಿ. ಹೆಬ್ಬೆರಳು ಮೇಲಕ್ಕೇ ಹೋಗುವುದು ಸಾಮಾನ್ಯ, ಗಾಬರಿ ಬೇಡ. ಆ ಕೆಂಪು ದಾರಿಗೆ, ಸುದ್ದಿ ಬೇಗ ಓಡಲು ಬೇಕಾದ ಮಯಲಿನ್ ಎಂಬ ಕೊಬ್ಬಿನ ಹೊದಿಕೆ ಇನ್ನೂ ಪೂರ್ತಿ ಬಂದಿಲ್ಲ, ಅಷ್ಟೇ.

ಹೆಜ್ಜೆ 6: ನೀಲಿ ದಾರಿ, ಕೆಳಗಿಂದ ಮೇಲಕ್ಕೆ

ನೀಲಿ ಅಂದರೆ ನಾಜೂಕು ಸ್ಪರ್ಶ, ಕಂಪನ, ಮತ್ತು ಕೈಕಾಲು ಎಲ್ಲಿದೆ ಎಂಬ ಅರಿವು. ಕಣ್ಣು ಮುಚ್ಚಿ ಮೂಗು ಮುಟ್ಟಿಕೊಳ್ಳಿ. ತಪ್ಪದೆ ಮುಟ್ಟಿದಿರಲ್ಲ, ಅದರಲ್ಲಿ ಈ ದಾರಿಯ ಪಾಲು ದೊಡ್ಡದು. ಇನ್ನೊಂದು: ಜೊತೆಗಾರರ ಕಾಲಿನ ಹೆಬ್ಬೆರಳನ್ನು ಎರಡೂ ಪಕ್ಕದಿಂದ ಹಿಡಿದು ಚೂರು ಮೇಲೆ ಕೆಳಗೆ ಆಡಿಸಿ, ಯಾವ ಕಡೆ ಅಂತ ಕೇಳಿ. ಮೇಲಿಂದ ಒತ್ತಿ ಹಿಡಿಯಬೇಡಿ, ಒತ್ತಡದಿಂದಲೇ ಉತ್ತರ ಗೊತ್ತಾಗಿಬಿಡುತ್ತೆ. ನಮ್ಮ ಕ್ಲಾಸಿನಲ್ಲಿ ಅರ್ಧಕ್ಕರ್ಧ ಜನ ಇದೇ ತಪ್ಪು ಮಾಡುತ್ತಿದ್ದರು.

ದಾರಿ ಹೀಗಿದೆ. ಬಲಗಾಲಿನ ಹೆಬ್ಬೆರಳಿನಿಂದ ಹೊರಟ ಎಳೆ ಬೆನ್ನುಹುರಿಯ ಹಿಂಭಾಗಕ್ಕೆ ಬರುತ್ತೆ. ಇದರ ಕೋಶದ ಮೈ ಬೆನ್ನುಹುರಿಯ ಹೊರಗೆ, ಪಕ್ಕದ ಗಂಟಿನಲ್ಲಿದೆ. ಒಳಗೆ ಬಂದದ್ದು ಎಲ್ಲೂ ನಿಲ್ಲುವುದಿಲ್ಲ, ದಾಟುವುದೂ ಇಲ್ಲ. ಬಲಗಡೆಯಲ್ಲೇ, ಬೆನ್ನುಹುರಿಯ ಹಿಂದಿನ ಕಂಬದಲ್ಲಿ ನೇರ ಮೆಡುಲ್ಲಾವರೆಗೆ ಏರುತ್ತೆ. ಹೆಬ್ಬೆರಳಿನಿಂದ ಮೆಡುಲ್ಲಾದವರೆಗೆ ಒಂದೇ ಕೋಶ, ಎತ್ತರದ ಮನುಷ್ಯನಲ್ಲಿ ಒಂದೂವರೆ ಮೀಟರ್ ಉದ್ದ! ದೇಹದ ಅತಿ ಉದ್ದದ ನರಕೋಶಗಳು ಇವೇ. ಮೆಡುಲ್ಲಾದಲ್ಲಿ ಬಸ್ಸು ಬದಲು. ಎರಡನೇ ನರಕೋಶ ಅಲ್ಲಿಯೇ ಎಡಕ್ಕೆ ದಾಟುತ್ತೆ. ಸುತ್ತು ಹಾಕಿ. ಕೆಂಪು ದಾಟಿದ ಜಾಗಕ್ಕಿಂತ ಒಂಚೂರು ಮೇಲೆ. ಅಲ್ಲಿಂದ ಥಲಾಮಸ್‌ಗೆ.

ಥಲಾಮಸ್ ಅಂದರೆ ನಮ್ಮ ಮೆಜೆಸ್ಟಿಕ್. ಯಾವ ಊರಿಂದ ಬಂದರೂ ಇಲ್ಲಿ ಇಳಿದು ಬಸ್ಸು ಬದಲಿಸಲೇಬೇಕು, ವಾಸನೆ ಒಂದಕ್ಕೆ ಮಾತ್ರ ಈ ಕಡ್ಡಾಯ ಇಲ್ಲ. ಮೂರನೇ ನರಕೋಶ ಇಲ್ಲಿಂದ ಹೊರಟು, ಕ್ಯಾಪ್ಸೂಲ್ ಹಾಯ್ದು, ಎಡ ಮಿದುಳಿನ ಸೆನ್ಸರಿ ಪಟ್ಟಿಯನ್ನು, ಅದರಲ್ಲೂ ಒಳ ಸೀಳಿನಲ್ಲಿರುವ ಕಾಲಿನ ಜಾಗವನ್ನು ಮುಟ್ಟುತ್ತೆ.

ಹೆಜ್ಜೆ 7: ಹಸಿರು ದಾರಿ, ಎಲ್ಲ ಗೊಂದಲದ ಮೂಲ

ಹಸಿರು ಅಂದರೆ ನೋವು, ಬಿಸಿ, ತಣ್ಣಗೆ. ಎಳೆ ಬೆನ್ನುಹುರಿಯ ಹಿಂಭಾಗಕ್ಕೆ ಬಂದ ತಕ್ಷಣ, ಅದೇ ಮಟ್ಟದಲ್ಲಿ ಅಥವಾ ಒಂದೆರಡು ಮಟ್ಟ ಮೇಲೆ, ಬಸ್ಸು ಬದಲಿಸಿ ಆ ಕಡೆಗೆ ದಾಟಿಬಿಡುತ್ತೆ. ಮೆಡುಲ್ಲಾವರೆಗೆ ಕಾಯುವ ತಾಳ್ಮೆ ಇದಕ್ಕಿಲ್ಲ. ಬಲಗಾಲಿನ ನೋವು ಸೊಂಟದ ಮಟ್ಟದಲ್ಲೇ ಎಡಕ್ಕೆ ಹೋಗಿ, ಎಡಗಡೆಯ ಮುಂಪಕ್ಕದಲ್ಲಿ ಏರಿ, ಎಡ ಥಲಾಮಸ್, ಎಡ ಕಾರ್ಟೆಕ್ಸ್ ಸೇರುತ್ತೆ. ಏಣಿಯ ಕೊನೆಯ ಮೆಟ್ಟಿಲಲ್ಲಿ ಹಸಿರು ಸುತ್ತು ಹಾಕಿ.

ಈಗ ಹಾಳೆಯನ್ನು ಒಮ್ಮೆ ದೂರ ಹಿಡಿದು ನೋಡಿ. ಮೆಡುಲ್ಲಾ ಮೇಲೆ ಮೂರು ಬಣ್ಣವೂ ಒಂದೇ ಕಡೆ. ಮೆಡುಲ್ಲಾ ಕೆಳಗೆ ಕೆಂಪು-ನೀಲಿ ಒಂದು ಕಡೆ, ಹಸಿರು ಮಾತ್ರ ಇನ್ನೊಂದು ಕಡೆ. ನನ್ನ ವೈವಾದ ಉತ್ತರ ಇಲ್ಲೇ ಇತ್ತು.

ಹಸಿರು ದಾರಿಯಲ್ಲಿ ಎರಡು ವೇಗದ ಎಳೆಗಳಿವೆ. ಕತ್ತಲಲ್ಲಿ ಹೊಸ್ತಿಲಿಗೆ ಕಾಲ್ಬೆರಳು ಎಡವಿದ್ದು ನೆನಪಿಸಿಕೊಳ್ಳಿ. ಮೊದಲು ಚುರುಕ್ ಅಂತ ಒಂದು ನೋವು. ಆಮೇಲೆ, "ಅಯ್ಯೋ ಈಗ ಶುರುವಾಗುತ್ತೆ" ಅಂತ ಅಂದುಕೊಳ್ಳುವಷ್ಟು ಪುರುಸೊತ್ತು ಕೊಟ್ಟು, ಉರಿಯುವ, ಕಿವುಚುವ ಎರಡನೇ ನೋವು. ಮೊದಲಿನದು ತೆಳು ಮಯಲಿನ್ ಇರುವ ಎ-ಡೆಲ್ಟಾ ಎಳೆ, ಸೆಕೆಂಡಿಗೆ 5ರಿಂದ 30 ಮೀಟರ್ ಓಡುತ್ತೆ. ಎರಡನೆಯದು ಮಯಲಿನ್ ಇಲ್ಲದ ಸಿ ಎಳೆ, ಅರ್ಧದಿಂದ 2 ಮೀಟರ್ ಅಷ್ಟೇ. ಕಾಲಿಂದ ಬೆನ್ನುಹುರಿಗೆ ಹತ್ತತ್ರ ಒಂದು ಮೀಟರ್ ಇಟ್ಟುಕೊಂಡು ನೀವೇ ಲೆಕ್ಕ ಹಾಕಿ. ಒಂದು ಸೆಕೆಂಡಿನ ಸುತ್ತಮುತ್ತ ಬರುತ್ತೆ. ಆ ಪುರುಸೊತ್ತು ಅದೇ. ಸ್ಪರ್ಶ ತರುವ ದಪ್ಪ ಎಳೆಗಳು ಇವೆರಡಕ್ಕಿಂತ ಜೋರು, ಸೆಕೆಂಡಿಗೆ 35ರಿಂದ 75 ಮೀಟರ್. ಎಡವಿದ ಬೆರಳನ್ನು ಉಜ್ಜಿಕೊಂಡರೆ ಹಾಯ್ ಅನಿಸುವುದಕ್ಕೆ ವಿಜ್ಞಾನಿಗಳಾದ ಮೆಲ್ಜಾಕ್ ಮತ್ತು ವಾಲ್ 1965ರಲ್ಲಿ ಕೊಟ್ಟ ಕಾರಣ ಇದು: ಉಜ್ಜಿದ ಸ್ಪರ್ಶ ಬೆನ್ನುಹುರಿಯಲ್ಲಿ ನೋವಿನ ಗೇಟನ್ನು ಅರ್ಧ ಮುಚ್ಚುತ್ತೆ.

ಹೆಜ್ಜೆ 8: ಮುಖದ ವಿಷಯ ಬೇರೆ

ಮುಖದ ಸುದ್ದಿ ಬೆನ್ನುಹುರಿಯ ನರಗಳಲ್ಲಿ ಬರುವುದಿಲ್ಲ, ಐದನೇ ಕಪಾಲ ನರದಲ್ಲಿ ಸೀದಾ ಮಿದುಳಿನ ಕಾಂಡಕ್ಕೆ ಬರುತ್ತೆ. ಮುಖದ ಸ್ನಾಯುಗಳನ್ನು ಆಡಿಸುವುದು ಏಳನೇ ನರ. ಇಲ್ಲಿ ಒಂದೇ ಒಂದು ಮುಖ್ಯ ಸಂಗತಿ ಇದೆ. ಹಣೆ ಆಡಿಸುವ ಕೋಶಗಳಿಗೆ ಎರಡೂ ಮಿದುಳಿನಿಂದ ಆದೇಶ ಬರುತ್ತೆ, ಬಾಯಿ-ಕೆನ್ನೆಯ ಕೋಶಗಳಿಗೆ ಮುಖ್ಯವಾಗಿ ಎದುರು ಮಿದುಳಿನಿಂದ ಮಾತ್ರ. ಆದ್ದರಿಂದ ಬಲ ಮಿದುಳಿನಲ್ಲಿ ಸ್ಟ್ರೋಕ್ ಆದರೆ ಎಡ ಬಾಯಿ ಸೊಟ್ಟಗಾಗುತ್ತೆ, ಹಣೆ ಸುಕ್ಕು ಮಾಡಲು ಬರುತ್ತೆ. ಏಳನೇ ನರವೇ ಕೆಟ್ಟು ಬೆಲ್ಸ್ ಪಾಲ್ಸಿ ಆದರೆ ಹಣೆಯೂ ಹೋಗುತ್ತೆ, ಕಣ್ಣೂ ಮುಚ್ಚುವುದಿಲ್ಲ.

ಆದರೆ ಇದು ಕಲಿಯುವವರಿಗೆ ಹೇಳಿದ್ದು, ಮನೆಯಲ್ಲಿ ಕೂತು ತೀರ್ಮಾನ ಮಾಡಲು ಅಲ್ಲ. ಯಾರಿಗಾದರೂ ಇದ್ದಕ್ಕಿದ್ದ ಹಾಗೆ ಬಾಯಿ ಸೊಟ್ಟಗಾದರೆ, ಕೈ ಬಿದ್ದರೆ, ಮಾತು ತೊದಲಿದರೆ ಹಣೆ ನೋಡುತ್ತಾ ನಿಲ್ಲಬೇಡಿ. ಶುರುವಾದ ಹೊತ್ತು ಗುರುತಿಟ್ಟುಕೊಂಡು ಸಿಟಿ ಸ್ಕ್ಯಾನ್ ಇರುವ ಆಸ್ಪತ್ರೆಗೆ ಓಡಿ. ಹೆಪ್ಪು ಕರಗಿಸುವ ಇಂಜೆಕ್ಷನ್‌ಗೆ ಸಾಮಾನ್ಯವಾಗಿ ಇರುವುದು ನಾಲ್ಕೂವರೆ ಗಂಟೆ. ಹಸಿರು ಎಣ್ಣೆ, ಪಾರಿವಾಳದ ರಕ್ತ ಅಂತ ಯಾರೋ ಹೇಳುವುದನ್ನು ಕೇಳುತ್ತಾ ಕೂತರೆ ಆ ಹೊತ್ತು ಹೋಗಿಬಿಡುತ್ತೆ.

ಹೆಜ್ಜೆ 9: ದಾರಿ ಕಡಿಯಿರಿ

ಈಗ ಪೆನ್ಸಿಲ್ ತೆಗೆದು ಏಣಿಯ ಮೇಲೆ ಬೇಕೆಂದ ಕಡೆ ಗೀಟು ಹಾಕಿ, ಏನು ಹೋಗುತ್ತೆ ಅಂತ ನೀವೇ ಹೇಳಿ. ಮೊದಲು ಉತ್ತರ ಬರೆದು ಆಮೇಲೆ ಮುಂದೆ ಓದಿ.

ನನ್ನ ವೈವಾದ ರೋಗಿ. ಬಲಗಾಲು ಏಳುವುದಿಲ್ಲ, ಅಂದರೆ ಕೆಂಪು ಕಡಿದಿದೆ. ಎಡಗಾಲಿಗೆ ಬಿಸಿ ಗೊತ್ತಾಗಲ್ಲ, ಅಂದರೆ ಎಡದಿಂದ ಬಲಕ್ಕೆ ದಾಟಿ ಏರುವ ಹಸಿರು ಕಡಿದಿದೆ. ಎರಡೂ ಒಂದೇ ಏಟಿಗೆ ಸಿಗುವ ಜಾಗ ಯಾವುದು? ಬೆನ್ನುಹುರಿಯ ಬಲ ಅರ್ಧ. ಕೈ ಚೆನ್ನಾಗಿದ್ದರೆ ಏಟು ಕುತ್ತಿಗೆಯಿಂದ ಕೆಳಗೆ, ಎದೆಯ ಮಟ್ಟದಲ್ಲಿ. ಬಲಗಾಲಿನ ಹೆಬ್ಬೆರಳು ಆಡಿಸಿದರೆ ದಿಕ್ಕೂ ಗೊತ್ತಾಗಬಾರದು, ಯಾಕೆಂದರೆ ನೀಲಿಯೂ ಬಲದಲ್ಲೇ ಇದೆ. ಮಾರಿಷಸ್‌ನಲ್ಲಿ ಹುಟ್ಟಿದ ಬ್ರೌನ್-ಸೆಕಾರ್ ಹತ್ತೊಂಬತ್ತನೇ ಶತಮಾನದ ನಡುವಿನಲ್ಲಿ ಇದನ್ನು ವಿವರಿಸಿದ್ದಕ್ಕೆ ಅವರ ಹೆಸರೇ ಉಳಿಯಿತು. ಎರಡು ಬಣ್ಣದ ಪೆನ್ ಇದ್ದಿದ್ದರೆ ಅರ್ಧ ನಿಮಿಷದ ಕೆಲಸ.

ಎಡ ಮುಖದ ಕೆಳಭಾಗ, ಎಡಗೈ, ಎಡಗಾಲು, ಮೂರೂ ಒಂದೇ ಸಮ ಬಿದ್ದಿವೆ, ಸ್ಪರ್ಶ ಚೆನ್ನಾಗಿದೆ. ಮೊದಲ ಅನುಮಾನ ಬೀಸಣಿಗೆಯ ಹಿಡಿ, ಬಲ ಇಂಟರ್ನಲ್ ಕ್ಯಾಪ್ಸೂಲ್.

ಬಲಗಾಲು ಮಾತ್ರ ಸೋತಿದೆ, ಕೈ-ಮುಖ ಸರಿ ಇದೆ. ಕುಳ್ಳನ ಕಾಲು ಎಲ್ಲಿತ್ತು ನೆನಪಿಸಿಕೊಳ್ಳಿ. ಎಡ ಮಿದುಳಿನ ಒಳ ಸೀಳು, ಅಲ್ಲಿಗೆ ರಕ್ತ ಕೊಡುವ ಮುಂದಿನ ಸೆರೆಬ್ರಲ್ ಅಪಧಮನಿ. ಮುಖ ಮತ್ತು ಕೈ ಹೋಗಿ ಕಾಲು ಉಳಿದಿದ್ದರೆ ಅದು ನಡುವಿನ ಅಪಧಮನಿ.

ಇನ್ನೊಬ್ಬರು ಅಡುಗೆ ಮಾಡುವವರು ಅಂತ ಇಟ್ಟುಕೊಳ್ಳಿ. ಕಾವಲಿ ತಾಗಿ ಎರಡೂ ಕೈ ಸುಟ್ಟ ಗುರುತು, ಸುಟ್ಟದ್ದೇ ಗೊತ್ತಾಗಿಲ್ಲ. ಆದರೆ ಕಣ್ಣು ಮುಚ್ಚಿ ಜೇಬಿನಲ್ಲಿ ಕೈ ಹಾಕಿ ಐದು ರೂಪಾಯಿ, ಹತ್ತು ರೂಪಾಯಿ ನಾಣ್ಯ ಬೇರೆ ಮಾಡ್ತಾರೆ. ನೀಲಿ ಸರಿ ಇದೆ, ಹಸಿರು ಮಾತ್ರ ಎರಡೂ ಕಡೆ ಹೋಗಿದೆ. ಎರಡೂ ಕಡೆಯ ಹಸಿರು ಒಟ್ಟಿಗೆ ಸಿಗುವುದು ದಾಟುವ ಜಾಗದಲ್ಲಿ, ಬೆನ್ನುಹುರಿಯ ನಟ್ಟನಡುವೆ. ಕುತ್ತಿಗೆ ಮಟ್ಟದಲ್ಲಿ ನಡುವೆ ನೀರಿನ ಕುಳಿ ಬೆಳೆಯುವ ಸಿರಿಂಗೋಮೈಲಿಯಾದಲ್ಲಿ ಹೀಗಾಗುತ್ತೆ.

ಕೊನೆಯದು ನನ್ನ ಚಿಕ್ಕಮ್ಮನದು. ಸಕ್ಕರೆ ಕಾಯಿಲೆ ಇಲ್ಲ. ಪಕ್ಕಾ ಸಸ್ಯಾಹಾರಿ, ಹಾಲು-ಮೊಸರು ಕೂಡ ಸೇರದು, ಮೇಲೆ ವರ್ಷಗಟ್ಟಲೆ ದಿನಾ ಬೆಳಿಗ್ಗೆ ಗ್ಯಾಸ್ಟ್ರಿಕ್ ಮಾತ್ರೆ. ಪಾದ ಜುಮ್ ಅನ್ನುತ್ತೆ, ಹತ್ತಿಯ ಮೇಲೆ ನಡೆದ ಹಾಗಾಗುತ್ತೆ ಅಂತಿದ್ದರು, ನಾವ್ಯಾರೂ ತಲೆಗೆ ಹಾಕಿಕೊಳ್ಳಲಿಲ್ಲ. ಒಂದು ದಿನ ಬಚ್ಚಲಲ್ಲಿ ಸೋಪು ಹಚ್ಚಿ ಕಣ್ಣು ಮುಚ್ಚಿದ್ದೇ ತಡ, ತೂರಾಡಿ ಗೋಡೆಗೆ ಬಿದ್ದರು. ಕಣ್ಣು ಬಿಟ್ಟರೆ ನಿಲ್ತಾರೆ, ಮುಚ್ಚಿದರೆ ಬೀಳ್ತಾರೆ. ಕಾಲು ಎಲ್ಲಿದೆ ಅನ್ನುವ ಸುದ್ದಿ ನೀಲಿ ದಾರಿಯಲ್ಲಿ ಬರುತ್ತಿಲ್ಲ, ಕಣ್ಣೇ ಆ ಕೆಲಸ ಮಾಡುತ್ತಿತ್ತು. ಅಂಗಾಲು ಗೀರಿದರೆ ಹೆಬ್ಬೆರಳು ಮೇಲೆದ್ದಿತು, ಅಂದರೆ ಕೆಂಪೂ ಕೆಟ್ಟಿದೆ. ಬಿಸಿ, ಚುಚ್ಚಿದ್ದು ಎಲ್ಲ ಗೊತ್ತಾಗುತ್ತಿತ್ತು. ನೀಲಿ ಮತ್ತು ಕೆಂಪು, ಎರಡೂ ಕಡೆ, ಹಸಿರು ಬಿಟ್ಟು. ಅಂಥ ಊಟ, ಆ ಮಾತ್ರೆ ಎರಡರಿಂದಲೂ ಬರಬಹುದಾದ ಬಿ12 ಕೊರತೆ ಬೆನ್ನುಹುರಿಯಲ್ಲಿ ಆರಿಸಿಕೊಳ್ಳುವುದು ಸರಿಯಾಗಿ ಇವೆರಡನ್ನೇ. ರಕ್ತ ಪರೀಕ್ಷೆಯಲ್ಲಿ ಅದೇ ಬಂತು, ಇಂಜೆಕ್ಷನ್ ಶುರುವಾಯಿತು.

ಆರು ತಿಂಗಳಲ್ಲಿ ನಡಿಗೆ ಬಹಳ ಸುಧಾರಿಸಿದೆ, ಜುಮ್ ಅನ್ನುವುದು ಪೂರ್ತಿ ಹೋಗಿಲ್ಲ. ತಲೆಗೆ ನೀರು ಹಾಕಿಕೊಳ್ಳುವಾಗ ಇವತ್ತಿಗೂ ಒಂದು ಕೈ ನಲ್ಲಿಯ ಮೇಲೇ ಇರುತ್ತೆ.